ಅಕ್ಕಿಗಿರಣಿಯ ಬೂದಿ

1997ರಲ್ಲಿ ಏಳನೆಯ ತರಗತಿ ಮುಗಿಸಿ ನಾನು ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯ ಪಕ್ಕ ಮೆಣಸಿನ ಸಸಿ ಬೆಳೆಸಿ ಮಾರುತ್ತೇನೆ. ಈ ಕೆಲಸದಲ್ಲಿ ನನಗೆ ಬುದ್ಧಿ ಹೇಳುವವರು ಕಡಿಮೆ, ಕೇಳಲು ಬರುವವರೇ ಹೆಚ್ಚು.

ಮೊದಲು ಎಲ್ಲರಂತೆ ಎರೆಮಣ್ಣಿನ ಮಡಿಯಲ್ಲೇ ಬೀಜ ಹಾಕುತ್ತಿದ್ದೆ. ನೀರು ಹೆಚ್ಚಾದರೆ ಅಂಟು, ಕಡಿಮೆಯಾದರೆ ಬಿರುಕು. ಸಸಿ ಕಿತ್ತರೆ ಅರ್ಧ ಬೇರು ನೆಲದಲ್ಲೇ ಉಳಿಯುತ್ತಿತ್ತು. ಹಾಗಾಗಿ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗೆ ಬಂದೆ, ಮಣ್ಣು ಬಿಟ್ಟೆ, ತೆಂಗಿನ ನಾರಿನ ಪುಡಿ ಹಿಡಿದೆ. ಶುರುವಿನಲ್ಲಿ ಗಿರಾಕಿಗಳು ಟ್ರೇ ಎತ್ತಿ ನೋಡಿ ನಗುತ್ತಿದ್ದರು. "ಮಣ್ಣ ಮುಟ್ಟಲಾರದ ಸಸಿ ನಮ್ಮ ಹೊಲದಾಗ ಬದುಕತಾವೇನಪಾ?" ಬದುಕಿದವು. ಮುಂದಿನ ವರ್ಷ ನಕ್ಕವರೇ ಮೊದಲು ಬಂದರು.

ನಾರಿನ ಪುಡಿ ಆರಿಸುವುದಕ್ಕೆ ನನ್ನದೇ ರೀತಿ ಇದೆ. ಲಿಂಗಸುಗೂರಿನ ಅಂಗಡಿಯಲ್ಲಿ ಚೀಲದ ಮೇಲಿನ ಬರಹ ನಾನು ಓದುವುದಿಲ್ಲ. ಇಟ್ಟಿಗೆಯಂತೆ ಒತ್ತಿದ ಪುಡಿಯಿಂದ ಒಂದು ತುಂಡು ಮುರಿದು ನೀರಲ್ಲಿ ನೆನೆಸಿ, ಆ ನೀರನ್ನು ನಾಲಿಗೆ ತುದಿಗೆ ಹಚ್ಚುತ್ತೇನೆ. ಉಪ್ಪೆನಿಸಿದರೆ ಅಲ್ಲೇ ಬಿಟ್ಟು ಬರುತ್ತೇನೆ. ಸಪ್ಪಗಿದ್ದರೆ ಮುಷ್ಟಿಯಲ್ಲಿ ಹಿಂಡುತ್ತೇನೆ. ಬೆರಳ ಸಂದಿಯಿಂದ ನಾಲ್ಕೈದು ಹನಿ ಬೀಳಬೇಕು, ಧಾರೆ ಇಳಿಯಬಾರದು. ಕೈ ಬಿಚ್ಚಿದರೆ ಉಂಡೆ ಸಡಿಲಾಗಬೇಕು. ನಾಲ್ಕು ಪಾಲು ಇದಕ್ಕೆ ಒಂದು ಪಾಲು ಎರೆಹುಳು ಗೊಬ್ಬರ. ಇಷ್ಟೇ ನನ್ನ ಲೆಕ್ಕ.

ಇಷ್ಟು ಗೊತ್ತಿದ್ದೂ ಒಂದು ವರ್ಷ ತಪ್ಪಿದೆ.

ಆ ವರ್ಷ ಮುಂಗಾರಿಗೆ ಮೊದಲು ಎರಡು ದೊಡ್ಡ ಬುಕಿಂಗ್ ಬಂದವು, ಎರಡೂ ಒಂದೇ ತಳಿ. ಒಂದು ಗೊರೇಬಾಳದ ಕಾಲುವೆ ನೀರಿನ ಸಾಹುಕಾರರದು. ಇನ್ನೊಂದು ಪಾಮನಕಲ್ಲೂರಿನ ಒಬ್ಬ ಅಕ್ಕನದು. ಎರಡು ಎಕರೆ ಒಣಬೇಸಾಯ, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಸಾಹುಕಾರರ ಟ್ರೇ ತುಂಬುವಷ್ಟರಲ್ಲಿ ನಾರಿನ ಪುಡಿ ಅಕ್ಕನ ಅರ್ಧ ಟ್ರೇಗಳಿಗೆ ಆಗುವಷ್ಟೇ ಉಳಿಯಿತು. ಲಾರಿ ಬರುವುದು ತಡವಾಗಿತ್ತು. ಸಿಂಧನೂರಿನ ಅಕ್ಕಿಗಿರಣಿಗಳ ಹಿಂದೆ ಹೊಟ್ಟು ಸುಟ್ಟ ಬೂದಿ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತದೆ. ಕಪ್ಪಗೆ, ಹಗುರಾಗಿ, ಥೇಟ್ ನೆನೆದ ನಾರಿನ ಪುಡಿಯಂತೆ ಕಾಣುತ್ತದೆ. ಒಯ್ಯುತ್ತೇನೆಂದರೆ ಗಿರಣಿಯವರಿಗೇ ಖುಷಿ. ಉಳಿದ ಪುಡಿಗೆ ಅಷ್ಟೇ ಬೂದಿ ಬೆರೆಸಿ ಅಕ್ಕನ ಇನ್ನೂರು ಟ್ರೇ ತುಂಬಿಸಿದೆ. ತೊಳೆಯಲಿಲ್ಲ. ನಾಲಿಗೆಗೂ ಹಚ್ಚಲಿಲ್ಲ, ಬೂದಿಯನ್ನು ಏನು ರುಚಿ ನೋಡುವುದು ಎಂದುಕೊಂಡೆ.

ಬೀಜ ಹುಟ್ಟಿದವು. ಎರಡು ವಾರಕ್ಕೆ ಎಳೆ ಎಲೆಗಳು ಹಳದಿ ತಿರುಗಿದವು. ಕಾಲುವೆ ಕೆಳಗಿನ ಸವುಳು ಹೊಲಗಳಲ್ಲಿ ಪೈರು ಹೀಗೇ ಬಿಳಿಚಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೆ. ಅದೇ ಕ್ಷಾರವನ್ನು ನನ್ನ ಕೈಯಾರೆ ಟ್ರೇಗೆ ತುಂಬಿದ್ದೆ. ಮೂರು ದಿನ ನೀರು ಹಾಯಿಸಿ ತೊಳೆದೆ. ಏಳಲಿಲ್ಲ. ಹೊಸದಾಗಿ ಬೀಜ ಹಾಕಿದರೆ ಮತ್ತೆ ನಲವತ್ತು ದಿನ ಬೇಕು. ಅಷ್ಟರಲ್ಲಿ ಮೊದಲ ಹದಮಳೆ ಹೋಗಿ, ಆಕೆಯ ಹೊಲ ಆ ವರ್ಷ ಮೆಣಸಿನಕಾಯಿ ಕಾಣುತ್ತಿರಲಿಲ್ಲ.

ಅದೇ ವಾರ ಅಕ್ಕ ಸಸಿ ನೋಡಲು ಬಸ್ಸಿಳಿದು ಬಂದಳು. ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಸಸಿ ಎಳೆದು ನೋಡಿದಳು.

"ತಮ್ಮಾ, ಹಿಂಗ ಹಳದಿ ಅದಾವಲ್ಲ, ಇವಕ್ಕ ಕಾಮಣಿ ಬ್ಯಾನಿ ಆಗೇತೇನು?"

"ಇಲ್ಲಬೇ ಅಕ್ಕಾ. ಗಿರಣಿ ಬೂದಿ ಹಾಕಿದ್ನಿ. ತಪ್ಪು ನಂದ."

"ಬೂದಿ ಹಣಿಗೆ ಹಚ್ಚಾಕ ಚಲೋ. ಬೇರಿಗೆ ಯಾಕ ಹಚ್ಚಿದಿ?" ಎಂದಳು. ನಗಲಿಲ್ಲ. ಪಕ್ಕದ ಸಾಲಿನಲ್ಲಿ ಹಚ್ಚಗೆ ನಿಂತಿದ್ದ ಟ್ರೇಗಳ ಕಡೆ ಕೈ ತೋರಿಸಿದಳು. "ಅವು ಯಾರವು?"

"ಗೊರೇಬಾಳದ ಸಾಹುಕಾರ್ರವು."

"ಹಂಗಾರ ಅವ್ರಿಗೆ ನಾರು, ನನಗ ಬೂದಿ. ಆತು ಬಿಡಪಾ."

ಆ ಮಾತು ನನಗೆ ನಾಟಿತು. ಆಕೆಯ ಎದುರಿಗೇ ಸಾಹುಕಾರರಿಗೆ ಫೋನ್ ಹಚ್ಚಿದೆ. ನಿಮ್ಮ ಟ್ರೇ ಈಕೆಗೆ ಕೊಡುತ್ತೇನೆ, ನಿಮಗೆ ಹೊಸದಾಗಿ ಹಾಕುತ್ತೇನೆ ಎಂದೆ.

"ಏನಲೇ, ಮೊದಲ ಹೇಳಿದವ ನಾನು. ತಪ್ಪು ಮಾಡಿದವ ನೀನು. ಕಾಯೋ ಪಾಳಿ ನಂದಾ?"

"ನಿಮಗ ಕಾಲುವಿ ನೀರು ಬಿಡಾಕ ಇನ್ನೂ ದಿನ ಅದಾವ್ರೀ. ನಲವತ್ತು ದಿನ ಕಾದ್ರೂ ನಿಮ್ಮ ಬೆಳಿ ಬರ್ತೈತಿ. ಈಕಿಗೆ ಈ ಮಳಿ ತಪ್ಪಿದ್ರ ಬೆಳೀನ ಇಲ್ಲ."

"ಕೊಟ್ಟು ಸಾಯಿ. ಆದ್ರ ನನ್ನ ಟ್ರೇದಾಗ ಬೂದಿ ಕಂಡ್ರ, ತಂದು ನಿನ್ನ ತಲಿ ಮ್ಯಾಲ ಸುರೀತೀನಿ ನೋಡು!"

ಮಳೆ ಬಿದ್ದ ಮರುದಿನವೇ ಸಾಹುಕಾರರ ಸಾಲಿನ ಇನ್ನೂರು ಟ್ರೇ ಪಾಮನಕಲ್ಲೂರಿಗೆ ಹೋದವು. ಸಸಿ ಹಚ್ಚುವಾಗ ನಾನೂ ಆಕೆಯ ಸಾಲಿನಲ್ಲಿ ಬಗ್ಗಿ ನಿಂತೆ. ಬೇರು ಒಂದೂ ಹರಿಯದೆ ಉಂಡೆಯಾಗಿ ಬಂದವು. ಸಾಹುಕಾರರಿಗೆ ಹೊಸ ನಾರಿನಲ್ಲಿ ಹಾಕಿದ ಸಸಿಯನ್ನು ನಲವತ್ತೊಂದನೆಯ ದಿನ ಗೊರೇಬಾಳಕ್ಕೆ ಮುಟ್ಟಿಸಿದೆ. ಅವರು ಮೊದಲ ಟ್ರೇಯನ್ನು ಮೂಸಿ ನೋಡಿಯೇ ಇಳಿಸಿಕೊಂಡರು. ಇಬ್ಬರೂ ಈಗಲೂ ನನ್ನ ಗಿರಾಕಿಗಳೇ.

ಇವತ್ತು ನನ್ನ ಹತ್ತಿರ ಮೂರು ನೆರಳುಬಲೆ ಮನೆ, ಆರು ಸಾವಿರ ಟ್ರೇ, ನಾರಿನ ಪುಡಿ ತೊಳೆಯಲು ಎರಡು ಸಿಮೆಂಟ್ ತೊಟ್ಟಿ, ಒಂದು ಬೋರ್‌ವೆಲ್, ಸಸಿ ಸಾಗಿಸಲು ಮೂರು ಗಾಲಿಯ ಒಂದು ಟಂಟಂ ಗಾಡಿ ಇವೆ. ದಿನಾ ಕೆಲಸಕ್ಕೆ ಬರುವ ಏಳು ಮಂದಿ ಹೆಣ್ಣುಮಕ್ಕಳಿದ್ದಾರೆ.