ಓನರಮ್ಮನ ಚೂರುಬಟ್ಟೆಯ ಗಂಟು

ನಮ್ಮ ಓನರಮ್ಮನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಇತ್ತು. ಮದುವೆಯಾಗಿ ಬಂದಾಗಿನಿಂದ ಅದೇ ಹಲ್ಲಿನಲ್ಲಿ ದಾರ ಕಡಿದು ಕಡಿದು ಬಿದ್ದ ಕಚ್ಚು. ಕೊಳಾಲದಲ್ಲಿ ಮನೆ ಬಾಡಿಗೆಗೆ ಕೇಳಲು ಹೋದ ದಿನ ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು, ಹಳೇ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹಾಸಿ ಹೊದೆಯುವ ಬೊಂತೆ ಹೊಲಿಯುತ್ತಿದ್ದರು. ಬಾಯಲ್ಲಿ ದಾರ ಇಟ್ಟುಕೊಂಡೇ, "ಒಬ್ಳೇ ಇರ್ತೀಯೇನಮ್ಮ?" ಅಂದರು.

ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಟೀಚರು, ನನ್ನ ಗಂಡನಿಗೆ ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾರೆ ಎಂದೆ.

"ಅಂಗಾರೆ ಏನಾರ ಆದ್ರೆ ಗೋಡೆ ತಟ್ಟು, ಬತ್ತೀನಿ."

ಓನರಮ್ಮನ ಗಂಡ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಸುತ್ತಲ ಹಳ್ಳಿಯವರು ಹಳೇ ಬಟ್ಟೆ ತಂದು ಕೊಟ್ಟರೆ ಹದಿನೈದು ದಿನಕ್ಕೊಂದು ಬೊಂತೆ ಮುಗಿಸುತ್ತಿದ್ದರು. ನನಗೆ ಬೆರಗೆನಿಸುತ್ತಿದ್ದುದು ಹೊಲಿಗೆಗಿಂತ, ಹೊಲಿದು ಮಿಕ್ಕ ಚೂರುಗಳ ಮೇಲಿನ ಅವರ ಕಾಳಜಿ. ನೈಲಾನಿನ ಚೂರು ದಿಂಬಿನೊಳಕ್ಕೆ. ಜೀನ್ಸಿನದು ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಹತ್ತಿಯದನ್ನು ಮಾತ್ರ ಸೋಡಾ ಹಾಕಿ ಕುದಿಸಿ, ಒಗೆದು, ಸುಡುಬಿಸಿಲಲ್ಲಿ ಒಣಗಿಸಿ, ಒಂದೊಂದು ಮನೆಯದನ್ನೂ ಬೇರೆ ಬೇರೆ ಗಂಟು ಕಟ್ಟಿ ಬುಟ್ಟಿಯಲ್ಲಿ ಇಡುತ್ತಿದ್ದರು. ಯಾತಕ್ಕೆ ಎಂದು ಕೇಳಿದರೆ, "ಇರ್ಲಿ ಬುಡಮ್ಮ, ನೋಡಾನ" ಅನ್ನುವರು. ಎಲ್ಲದಕ್ಕೂ ಅವರ ಉತ್ತರ ಅದೇ.

ನಾನು ಮೊದಲ ಸಲ ಬಸುರಾದಾಗ ಐದನೇ ತಿಂಗಳಲ್ಲೇ ನನ್ನಿಂದ ಒಂದು ಹಳೇ ಸೀರೆ ಇಸಿದುಕೊಂಡರು. ಹಸಿರು ಸೀರೆ, ಮೇಲೆ ಹಳದಿ ಚುಕ್ಕಿ. ಮೊಳದಗಲದ ಪುಟ್ಟ ಬೊಂತೆ ಹೊಲಿದು, ಕೆನ್ನೆಗೆ ಒತ್ತಿ ಮೆತ್ತಗಿದೆಯೇ ಎಂದು ನೋಡಿ, ನನ್ನ ಕೈಗೆ ಕೊಟ್ಟರು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯೊಳಗೇ ಅಲುಗಾಡುವುದನ್ನು ನಿಲ್ಲಿಸಿತು. ಅದೇ ಬೊಂತೆಯಲ್ಲಿ ಸುತ್ತಿ ಮಣ್ಣು ಮಾಡಿದರು.

ತವರಿನಲ್ಲಿದ್ದು ಎರಡು ತಿಂಗಳಾದ ಮೇಲೆ ವಾಪಸು ಬಂದೆ. ಆ ಸೀರೆಯ ಚೂರುಗಳ ಗಂಟು ಬುಟ್ಟಿಯಲ್ಲಿ ಹಾಗೇ ಇತ್ತು.

"ಅದನ್ನ ಸುಟ್ಟುಬಿಡಿ ಅಮ್ಮ" ಎಂದೆ.

"ಇರ್ಲಿ ಬುಡಮ್ಮ, ನೋಡಾನ."

ಮರುವರ್ಷ ಮತ್ತೆ ಬಸುರಾದೆ. ಈ ಸಲ ಭಯದಲ್ಲಿ ಸಂತೋಷಕ್ಕೆ ಜಾಗವೇ ಇರಲಿಲ್ಲ. ಪಾಠ ಮಾಡುತ್ತ ಮಾಡುತ್ತ ಮಾತು ನಿಲ್ಲಿಸಿ, ಮಗು ಒದೆಯಿತೇ ಎಂದು ಕಾಯುತ್ತ ನಿಂತುಬಿಡುತ್ತಿದ್ದೆ. ಮಕ್ಕಳು ನನ್ನ ಮುಖ ನೋಡುತ್ತಿದ್ದವು. ಮಗುವಿಗೆ ಒಂದು ಬಟ್ಟೆಯನ್ನೂ ಕೊಳ್ಳಲಿಲ್ಲ, ಒಂದು ಹೆಸರನ್ನೂ ಯೋಚಿಸಲಿಲ್ಲ. ಜಗಲಿ ದಾಟುವಾಗ ಆ ಬುಟ್ಟಿಯತ್ತ ನೋಡದಂತೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಏಳು ತುಂಬಿದ ವಾರ ಶಾಲೆಯಿಂದ ಬಂದರೆ, ಓನರಮ್ಮ ಅಂಗಳದ ಹಗ್ಗದ ಮೇಲೆ ಅವೇ ಹಸಿರು ಚೂರುಗಳನ್ನು ಬಿಸಿಲಿಗೆ ಹಾಕಿದ್ದರು. ಬಾಯಿಗೆ ಬಂದಂತೆ ಕಿರುಚಿದೆ.

"ನೀವು ಮೊದಲೇ ಬೊಂತೆ ಹೊಲಿದಿದ್ದಕ್ಕೇ ನನ್ನ ಮಗು ಹೋಯ್ತು. ಈಗ ಈ ಮಗುವನ್ನೂ ತಿನ್ನಬೇಕಾ? ಹೆತ್ತಿದ್ದರೆ ಗೊತ್ತಾಗೋದು ನಿಮಗೆ!"

ಅವರು ಚೂರುಗಳನ್ನು ಒಂದೊಂದಾಗಿ ಹಗ್ಗದಿಂದ ತೆಗೆದು, ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಬೆಳಿಗ್ಗೆ ನನ್ನ ಬಾಗಿಲ ಮುಂದೆ ಬಿಸಿನೀರಿನ ಕೊಡಪಾನ ಮಾತ್ರ ಎಂದಿನಂತೆ ಇರುತ್ತಿತ್ತು.

ಎಂಟು ತುಂಬುವ ಹೊತ್ತಿಗೆ ಒಂದು ಬುಧವಾರ ಶಾಲೆಗೆ ರಜೆ ಹಾಕಿ ಮಲಗಿದ್ದೆ. ಮಧ್ಯಾಹ್ನ ನೀರು ಕುಡಿಯಲು ಎದ್ದವಳಿಗೆ ಕಾಲಿನ ಮೇಲೆ ಬೆಚ್ಚಗೆ ಏನೋ ಇಳಿದಂತಾಯಿತು. ಬಗ್ಗಿ ನೋಡಿದರೆ ರಕ್ತ. ನೋವಿಲ್ಲ, ಬರೀ ರಕ್ತ. ಗೋಡೆ ತಟ್ಟಿದೆ.

ಓನರಮ್ಮ ಬಂದು ನೆಲ ನೋಡಿದರು. ನನ್ನನ್ನು ಮಲಗಿಸಿ, ಹೊರಗೆ ಹೋಗಿ ಎದುರುಮನೆಯವನನ್ನು ಕೂಗಿ ಕಾರು ತೆಗೆಯಲು ಹೇಳಿ, ಕೈಯಲ್ಲಿ ಆ ಗಂಟು ಹಿಡಿದುಕೊಂಡು ಬಂದರು. ಹಸಿರು, ಹಳದಿ ಚುಕ್ಕಿ. ನಾನು ಅವರ ಕೈ ತಳ್ಳಿದೆ.

"ಅದು ಬೇಡ ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಅದು ಮಾತ್ರ ಬೇಡ."

"ಸುಮ್ಕಿರು. ಕುದ್ಸಿ ಒಗ್ದಿರೋ ಬಟ್ಟೆ. ಇಷ್ಟು ಸುದ್ದವಾಗಿರೋದು ಈ ಮನೇಲಿ ಬ್ಯಾರೆ ಇಲ್ಲ. ನಿನ್ ಸೀರೇದೇ ಕಣಮ್ಮ, ನಿನ್ಗೇನು ಮಾಡೀತು?"

ಗಂಟು ಬೆರಳಿಗೆ ಬಿಚ್ಚಿಕೊಳ್ಳದೆ, ಆ ಕಚ್ಚುಬಿದ್ದ ಹಲ್ಲಿನಲ್ಲೇ ಕಚ್ಚಿ ಎಳೆದು ಬಿಚ್ಚಿದರು.

ಕೊರಟಗೆರೆ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕಾಲುಗಳನ್ನು ತೊಡೆಯ ಮೇಲೆ ಎತ್ತಿ ಹಿಡಿದುಕೊಂಡು, ನೆಂದ ಚೂರು ತೆಗೆದು ಹೊಸದಿಡುತ್ತ ಹೋದರು. ತೆಗೆದದ್ದನ್ನು ಕಿಟಕಿಯಾಚೆ ಎಸೆಯಲಿಲ್ಲ. ಒಂದನ್ನೂ ಬಿಡದೆ ಪ್ಲಾಸ್ಟಿಕ್ ಕವರಿಗೆ ತುಂಬಿದರು. ಮಗು ಒದೆಯುತ್ತಿದೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬೇಕಾಗಿತ್ತು.

ಆಸ್ಪತ್ರೆಯಲ್ಲಿ ನರ್ಸು, "ಎಷ್ಟು ಬ್ಲೀಡಿಂಗ್ ಆಗಿದೆ?" ಎಂದು ಕೇಳಿದಳು. ಓನರಮ್ಮ ಆ ಕವರನ್ನು ಬಿಚ್ಚಿ ಡಾಕ್ಟರಮ್ಮನ ಮುಂದೆ ಹಿಡಿದರು. "ಇಷ್ಟು ಹೋಗೈತೆ ತಾಯಿ. ಮನೇಲಿ ನೆಲದ ಮ್ಯಾಲೆ ಹೋಗಿದ್ದು ಬ್ಯಾರೆ."

ಡಾಕ್ಟರಮ್ಮ ಕವರ್ ನೋಡಿದವರೇ ಕೂತಲ್ಲಿಂದ ಎದ್ದರು. ಮತ್ತೆ ಯಾರೂ ಏನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ನಾನು ಆಪರೇಷನ್ ಟೇಬಲ್ಲಿನ ಮೇಲಿದ್ದೆ.

ಮಗಳು ಬದುಕಿದಳು. ನಾನೂ ಬದುಕಿದೆ. ಇನ್ನರ್ಧ ಗಂಟೆ ಕಳೆದಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ನನ್ನ ಗಂಡನಿಗೆ ಹೇಳಿದರಂತೆ. ಮೂರನೇ ದಿನ ಓನರಮ್ಮ ಹಾಸಿಗೆಯ ಪಕ್ಕ ಕೂತಿದ್ದಾಗ, ಆ ಗಂಟನ್ನು ಯಾಕೆ ಸುಡಲಿಲ್ಲ ಎಂದು ಕೇಳಿದೆ.

"ಎಲ್ಡು ಸಲ ಒಲೆ ಮುಂದೆ ತಕ್ಕಂಡೋಗಿ ಕುಂತೆ ಕಣಮ್ಮ. ಆ ಮಗೀಗೆ ಅಂತ ಕತ್ತರ್ಸಿದ್ದು. ಬೆಂಕಿಗೆ ಹಾಕಾಕೆ ಕೈ ಬರ್ಲಿಲ್ಲ. ನಿನ್ ಹೆರಿಗೆಗೆ ಬೇಕಾದಾವು ಅಂತ ಮತ್ತೆ ಕುದ್ಸಿ ಬಿಸ್ಲಿಗೆ ಹಾಕಿದ್ದೆ." ಬಾಗಿಲ ಕಡೆ ನೋಡುತ್ತ ಹೇಳಿದರು: "ನೀನು ಅಂದ ಮ್ಯಾಲೆ ನಂಗೂ ಭಯ ಹತ್ಕಂತು. ನನ್ ಕೈಯೇ ಅಂಥಾದ್ದೇನೋ ಅಂತ. ಕಾರಲ್ಲಿ ನಿನ್ನ ಮುಟ್ಟೋವಾಗ ಜೀವ ಬಾಯಿಗೆ ಬಂದಿತ್ತು."

ನಾನು ಅವರ ಕೈ ಹಿಡಿದು ಅತ್ತೆ. ತಪ್ಪಾಯ್ತು ಎಂದೆ. ಸಿಟ್ಟಿಲ್ಲ ಎಂದರು. ನಿಜವಾಗಿಯೂ ಇರಲಿಲ್ಲ.

ಆದರೆ ನಾವು ಕೊಳಾಲಕ್ಕೆ ಮರಳಿದ ಮೇಲೆ ಅವರು ಸೂಜಿ ಹಿಡಿದದ್ದನ್ನು ನಾನು ನೋಡಲಿಲ್ಲ. ಬಟ್ಟೆ ತಂದವರಿಗೆಲ್ಲ ಕಣ್ಣು ಕಾಣಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅದೇ ಕಣ್ಣಲ್ಲಿ ರಾಗಿಯೊಳಗಿನ ಸಣ್ಣ ಕಲ್ಲನ್ನು ಹೆಕ್ಕುತ್ತಿದ್ದರು. ಬುಟ್ಟಿಯ ಉಳಿದ ಗಂಟುಗಳನ್ನು ಅವರವರ ಮನೆಗೆ ತಾವೇ ನಡೆದು ಹೋಗಿ ಕೊಟ್ಟು ಬಂದರು.

ಮಧುಗಿರಿಗೆ ವರ್ಗವಾದ ಮೇಲೂ ರಜೆ ಸಿಕ್ಕಾಗ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳಿಗೆ ನಾಲ್ಕು ತುಂಬಿದಾಗ, ಧೈರ್ಯ ಮಾಡಿ ನನ್ನೊಂದು ಹತ್ತಿ ಸೀರೆ ಒಯ್ದು ಅವರ ಮುಂದಿಟ್ಟೆ. ಇವಳಿಗೊಂದು ಬೊಂತೆ ಹೊಲಿದುಕೊಡಿ ಎಂದೆ. ಅವರು ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. ಒಂದು ಕ್ಷಣ ಹೊಲಿದೇಬಿಡುತ್ತಾರೆ ಅನ್ನಿಸಿತು. ಆಮೇಲೆ ಮಡಿಸಿ ನನ್ನ ಮಡಿಲಲ್ಲಿ ಇಟ್ಟರು.

"ಈ ಮಗೀಗೆ ಬ್ಯಾಡ ಕಣಮ್ಮ. ಸಂದಾಗೈತೆ, ಸಂದಾಗಿರ್ಲಿ."

ಹೋದ ವರ್ಷ ತೀರಿಕೊಂಡರು. ಹಳೇ ಬಟ್ಟೆಯ ಗಂಟನ್ನು ಸೊಂಟದ ಮೇಲೆ ಹೊತ್ತು ತಂದು ಅವರ ಜಗಲಿಯಲ್ಲಿ ಕಾಯುತ್ತಿದ್ದ ಹೆಂಗಸರೆಲ್ಲ ಬಂದಿದ್ದರು. ಕೊನೆಗಾಲದಲ್ಲಿ ಪಾಪ ಕಣ್ಣು ಹೋಗಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನು ಅಲ್ಲೇ, ಅವರ ಪಾದದ ಬಳಿ ನಿಂತಿದ್ದೆ. ಕಣ್ಣು ಚೆನ್ನಾಗಿತ್ತು, ನನ್ನ ಮಾತಿನಿಂದ ಹೋದದ್ದು ಅವರ ಧೈರ್ಯ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.