ಖಾಜಾಸಾಬ ಬಿಡಿಸಿದ ಬ್ರೇಕು

೧೯೮೭ನೇ ಇಸವಿ. ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಹಾಕಿ ನನಗೆ ಹನ್ನೆರಡು ವರ್ಷವಾಗಿತ್ತು. ಬ್ಯಾಡಗಿಯ ಮಿಸ್ತ್ರಿ ಖಾಜಾಸಾಬನ ಹೆಸರು ಕೇಳಿದರೆ ಸಾಕು, ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅವನತ್ತ ಸರಿಯುತ್ತಿದ್ದರು. ಅವನದು ಬರೀ ಬಾಯಿ ಎಂದು ಎಲ್ಲರೆದುರು ಆಡಿಕೊಂಡಿದ್ದೆ.

ಉಳಿದವರಲ್ಲಿ ದೊಡ್ಡ ಗಿರಾಕಿ ಕುಪ್ಪೇಲೂರಿನ ಶಿವನಗೌಡರು. ಅವರ ಹಳೆಯ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಬ್ರೇಕು. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಎಣ್ಣೆಯನ್ನು ಒತ್ತಿ ಬ್ರೇಕು ಹಿಡಿಸುತ್ತದೆ. ಫೆಬ್ರುವರಿಯಲ್ಲಿ ಬ್ರೇಕು ಹಿಡಿಯದೆ ಪೆಡಲ್ ತಳಕ್ಕಿಳಿಯತೊಡಗಿತು. ಹೊಸ ರಬ್ಬರು ಹಾಕಿದೆ. ನಾಲ್ಕೇ ದಿನಕ್ಕೆ, ಹಿಡಿದ ಬ್ರೇಕು ಬಿಡದಾಯಿತು. ಪೆಡಲಿನ ರಾಡು ಬಿಗಿಯಾಗಿರಬೇಕೆಂದು ಅದನ್ನು ಸಡಿಲಿಸಿ ಕಳಿಸಿದೆ. ಮರುವಾರ ಮೆಣಸಿನಕಾಯಿ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಗಾಡಿ ಬ್ಯಾಡಗಿಯ ಹೊರಗೆ ನಡುರಸ್ತೆಯಲ್ಲೇ ಜಾಮಾಯಿತು. ಗೌಡರು ನನಗೆ ಹೇಳಿಕಳಿಸಿದರು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಖಾಜಾಸಾಬ ಗಾಡಿಯ ಕೆಳಗಿದ್ದ. ಸುಳ್ಳೇಕೆ ಹೇಳಲಿ, ಅವನ ಕೈಯಲ್ಲಿ ಇದು ರಿಪೇರಿಯಾಗದಿರಲಪ್ಪಾ ಎಂದೇ ಬೇಡಿಕೊಂಡೆ.

ಅವನು ಸಿಲಿಂಡರ್ ಬಿಚ್ಚಿ ರಬ್ಬರು ಹೊರತೆಗೆದ. ಅದು ಉಬ್ಬಿ, ಎಣ್ಣೆ ವಾಪಸಾಗುವ ಸಣ್ಣ ತೂತನ್ನೇ ಮುಚ್ಚಿತ್ತು. ಮೂಸಿ, ನನ್ನ ಮುಖ ನೋಡಿದ. ಯಾವ ಸಾಮಾನಾದರೂ ಡೀಸೆಲ್‌ನಲ್ಲಿ ತೊಳೆಯುವುದು ನಮ್ಮ ಟ್ರ್ಯಾಕ್ಟರ್ ಮಿಸ್ತ್ರಿಗಳ ರೂಢಿ. ಈ ರಬ್ಬರನ್ನೂ ನಾನು ಹಾಗೇ ತೊಳೆದು ಹಾಕಿದ್ದೆ. ಬ್ರೇಕಿನ ರಬ್ಬರಿಗೆ ಡೀಸೆಲ್ ಆಗಿಬರುವುದಿಲ್ಲ, ಉಬ್ಬಿಬಿಡುತ್ತದೆ. ಜೀಪಿನ ಕೆಲಸ ಕಲಿತಿದ್ದ ಅವನಿಗೆ ಅದು ಗೊತ್ತಿತ್ತು, ನನಗೆ ಆಗಷ್ಟೇ ಗೊತ್ತಾಯಿತು.

“ರಬ್ಬರ್ ಮಾಲು ಖರಾಬ್ ಐತ್ರಿ ಗೌಡ್ರ,” ಎಂದಷ್ಟೇ ಹೇಳಿದ.

ನನ್ನ ಮಾನ ಉಳಿಸಿದ್ದ. ಅದಕ್ಕೇ ಮೈಯೆಲ್ಲ ಉರಿಯಿತು. ಹೊಸ ರಬ್ಬರನ್ನು ಬ್ರೇಕ್ ಆಯಿಲ್‌ನಲ್ಲಿ ತೊಳೆದು ಹಾಕಿ, ಪೈಪಿನೊಳಗಿನ ಗಾಳಿ ತೆಗೆಯಲು ನನ್ನನ್ನೇ ಸೀಟಿಗೆ ಹತ್ತಿಸಿದ.

“ಒತ್ತರಿ ವೀರಣ್ಣಾರ... ಹಾಂ, ಹಂಗ ಹಿಡೀರಿ.”

ಅವನು ಅಂದಂತೆ ಪೆಡಲ್ ತುಳಿಯುತ್ತ ಕೂತೆ. ಬ್ರೇಕು ಹಿಡಿಯಿತು, ಸಲೀಸಾಗಿ ಬಿಟ್ಟಿತು.

“ಆ ರಬ್ಬರ್ ಕೊಟ್ಟ ಅಂಗಡ್ಯಾವನ್ನ ನಾ ಸುಮ್ನ ಬಿಡಾಂಗಿಲ್ಲ!” ಗೌಡರು ಗುಡುಗಿದರು.

ಅಂಗಡಿಯವನು ಏನೂ ಮಾಡದ ಮನುಷ್ಯ. ಸುಮ್ಮನಿದ್ದರೆ ಗಿರಾಕಿ ಉಳಿಯುತ್ತಿದ್ದರು. ಆದರೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಮಾಲು ಚಲೋನ ಇತ್ರಿ. ಡೀಸೆಲ್‌ದಾಗ ತೊಳದು ಕೆಡಿಸಿದಾವ ನಾನು.”

ಗೌಡರು ನನ್ನತ್ತ ತಿರುಗಲೇ ಇಲ್ಲ. “ಖಾಜಾಸಾಬ, ಇನ್ನ ಮ್ಯಾಲ ಗಾಡಿ ನಿನ್ನ ಕಡೇನ ತರ್ತೇನಿ ನೋಡಪಾ,” ಎಂದು ಹೊರಟರು.

ಬ್ರೇಕಿನ ರಬ್ಬರನ್ನು ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕೆಂದು ಆಮೇಲೆ ಎಷ್ಟೋ ಮಿಸ್ತ್ರಿಗಳಿಗೆ ಹೇಳಿಕೊಟ್ಟಿದ್ದೇನೆ. ಯಾರಿಂದ ಕಲಿತೆನೆಂದು ಕೇಳಿದರೆ ಖಾಜಾಸಾಬನ ಹೆಸರು ಹೇಳುತ್ತೇನೆ. ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಹೇಳುತ್ತೇನೆ.