ರೇಷ್ಮೆ ಲಡಿಯಲ್ಲಿ ಸಿಕ್ಕ ಕೂದಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಎರಡು ಓಣಿ ಆಚೆ, ನೂಲು ಬಿಚ್ಚುವ ಶೆಡ್ಡಿನಲ್ಲಿ ಹಬೆ ಆಗಲೇ ಸೂರು ಮುಟ್ಟಿದೆ. ಬೆಂದ ಹುಳುವಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನೂ. ನಾಲ್ಕನೇ ಬೇಸಿನ್ನಿನ ಮುಂದೆ ಕೂತ ಮಾರಕ್ಕನಿಗೆ ಅದರ ಪರಿವೆಯೇ ಇಲ್ಲ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಂಟು ನೂಲು ಮೇಲೇರುತ್ತಿವೆ, ಒಂದೊಂದು ನೂಲಿಗೂ ಎಂಟೆಂಟು ಗೂಡಿನ ಎಳೆ. ಅಂದರೆ ಒಂದೇ ಹೊತ್ತಿಗೆ ಅರವತ್ನಾಲ್ಕು ಗೂಡುಗಳ ಮೇಲೆ ಕಣ್ಣಿಡಬೇಕು. ಯಾವುದರ ಎಳೆ ಮುಗಿದರೂ ತಕ್ಷಣ ಹೊಸ ಗೂಡಿನ ಎಳೆ ಹಿಡಿದು ಸೇರಿಸಬೇಕು.

ಅಷ್ಟು ಚುರುಕಿನ ಕೈ ಆಗಾಗ ತಡವರಿಸುತ್ತದೆ. ಮಾರಕ್ಕ ಹಲ್ಲು ಕಚ್ಚಿ, ಒಂದು ತೋಳನ್ನೆತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆಯ ಮೇಲೆ ಉಜ್ಜಿಕೊಳ್ಳುತ್ತಾರೆ. ತಲೆ ಕಡಿಯುತ್ತಿದೆ. ಎರಡೂ ಕೈ ನೀರಿನಲ್ಲಿರುವಾಗ ಕೆರೆದುಕೊಳ್ಳುವುದಾದರೂ ಹೇಗೆ?

ನಾನು ಬಂದಿರುವುದು ರೇಷ್ಮೆಯ ಹಿಂದಿನ ಕೈಗಳ ಬಗ್ಗೆ ಪತ್ರಿಕೆಗೆ ಬರೆಯಲು. ತಲೆಬಟ್ಟೆ ಒಂಚೂರು ಸರಿಸಿದರೆ ಫೋಟೋದಲ್ಲಿ ಮುಖ ಚೆನ್ನಾಗಿ ಬರುತ್ತದೆ ಎಂದು ದೊಡ್ಡ ಜಾಣನ ಹಾಗೆ ಸಲಹೆ ಕೊಡುತ್ತೇನೆ. ಮಾರಕ್ಕನ ಮುಖ ಕಪ್ಪಿಡುತ್ತದೆ.

"ಬ್ಯಾಡ ಸಾ. ಕೈ ಬೇಕಾರೆ ತಕ್ಕಳಿ. ತಲೆ ಬ್ಯಾಡ."

ಹಳೇ ಕಾಲದ ಹೆಂಗಸು, ನಾಚಿಕೆ ಎಂದುಕೊಳ್ಳುತ್ತೇನೆ. ಹತ್ತು ಗಂಟೆಗೆ ಟೀ ಬಿಡುವಿನಲ್ಲಿ, ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾರಕ್ಕ ಆ ಬಟ್ಟೆಯ ಕಥೆ ಹೇಳಿದಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮಾರಕ್ಕನಿಗೆ ಈಗ ನಲವತ್ತೇಳು. ಹುಟ್ಟಿದ್ದು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ, ಮದುವೆಯಾಗಿ ಬಂದದ್ದು ರಾಮನಗರಕ್ಕೆ. ಗಂಡ ಚೆಲುವಯ್ಯ ಮಾರುಕಟ್ಟೆಯಲ್ಲಿ ಗೂಡಿನ ಮೂಟೆ ಇಳಿಸುತ್ತಾರೆ. ಬೇಸಿನ್ನಿನ ಮುಂದೆ ಕೂತು ಮಾರಕ್ಕನಿಗೆ ಇಪ್ಪತ್ತಮೂರು ವರ್ಷವಾಯಿತು. ಬೆರಳ ತುದಿಗಳು ಸದಾ ನೆನೆದು ಬಿಳಿಚಿಕೊಂಡಿವೆ. ಅದಕ್ಕೆಲ್ಲ ಅವರು ಮುಜುಗರಪಟ್ಟವರಲ್ಲ. ಮುಜುಗರ ಶುರುವಾದದ್ದು ಎರಡು ವರ್ಷದ ಹಿಂದೆ, ಬೈತಲೆ ಅಗಲವಾಗುತ್ತಾ ನೆತ್ತಿ ಕಾಣತೊಡಗಿದಾಗ. ಊರಿನಲ್ಲಿ ಇವರನ್ನು ಉದ್ದ ಜಡೆಯ ಮಾರಿ ಎಂದೇ ಕರೆಯುತ್ತಿದ್ದರಂತೆ. ಈಗ ತವರಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಯಾರಿಗೂ ಹೇಳದೆ ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರರ ಮುಂದೆ ಕೂತು ಬಂದರು. ಅವರು ಬೆಳಿಗ್ಗೆ, ಸಂಜೆ ನೆತ್ತಿಗೆ ಹಚ್ಚುವ ಔಷಧ ಬರೆದುಕೊಟ್ಟು, ಆರು ತಿಂಗಳಾದರೂ ಬಿಡದೆ ಹಚ್ಚಿ, ಮೊದಲು ಒಸಿ ಜಾಸ್ತಿಯೇ ಉದುರಬಹುದು, ಹೆದರಬೇಡಿ ಎಂದಿದ್ದರು. ಮಾರಕ್ಕ ಬೆಳಗಿನ ಐದಕ್ಕೆ ಔಷಧ ಹಚ್ಚುತ್ತಿದ್ದರು. ಅದು ಒಣಗುವ ಮುಂಚೆಯೇ ಬಟ್ಟೆ ಬಿಗಿದು ಹಬೆಯೊಳಗೆ ಬಂದು ಕೂರುತ್ತಿದ್ದರು. ಎರಡೇ ವಾರಕ್ಕೆ ನೆತ್ತಿ ಉರಿ, ಹೊಟ್ಟು, ಕೆರೆತ. ಡಾಕ್ಟರರನ್ನು ಮತ್ತೆ ಕೇಳಲು ನಾಚಿಕೆ, ಜೊತೆಯವರ ಮುಂದೆ ಕೆರೆದುಕೊಂಡರೆ ಹೇನು ಅಂದುಕೊಂಡಾರೆಂಬ ಭಯ.

ಆಗಲೇ ಅವರು ನೂಲು ಬಿಚ್ಚುವವರಿಗೆ ಮಾತ್ರ ಹೊಳೆಯಬಹುದಾದ ತಪ್ಪೊಂದನ್ನು ಮಾಡಿದರು. ಬೇಸಿನ್ನಿನ ನೀರಿನಲ್ಲಿ ಗೂಡಿನ ಅಂಟು ಕರಗಿರುತ್ತದೆ, ಮುಟ್ಟಿದರೆ ನುಣ್ಣಗೆ ಜಾರುತ್ತದೆ. ಆ ನೀರನ್ನು ಕ್ಯಾನಿನಲ್ಲಿ ಮನೆಗೆ ಒಯ್ದು, ಒಂದು ವಾರ ದಿನಾ ತಲೆಗೆ ಹುಯ್ದುಕೊಂಡರು.

"ಈ ನೀರು ನೂಲಿಗೆ ಇಂತಾ ಹೊಳಪು ಕೊಡ್ತದೆ, ನನ್ ತಲೆಗೆ ಕೊಡಾಕಿಲ್ವಾ ಅಂದ್ಕಂಡೆ ಸಾ. ಅದ್ರಲ್ಲಿ ಸತ್ತ ಹುಳೀನ್ ಕೊಳೆ ಐತೆ ಅನ್ನಾದು ದಿನಾ ಕೈ ಅದ್ದೋ ನಂಗೇ ಹೊಳೀನಿಲ್ಲ."

ನೆತ್ತಿಯ ತುಂಬಾ ಗುಳ್ಳೆ ಎದ್ದವು. ಕೆರೆತ ತಡೆಯಲಾರದೆ ತೋಳಿನಿಂದ ಉಜ್ಜಿಕೊಳ್ಳುವುದು ಹೆಚ್ಚಿತು. ಉಜ್ಜಿದಾಗಲೆಲ್ಲ ಬಟ್ಟೆಯ ಅಂಚಿನಿಂದ ಒಂದೊಂದು ಕೂದಲು ಜಾರಿ ಒದ್ದೆ ತೋಳಿಗೆ ಅಂಟುತ್ತಿತ್ತು. ಅಲ್ಲಿಂದ ಬೇಸಿನ್ನಿಗೆ ಎಷ್ಟು ದೂರ?

ಎರಡು ತಿಂಗಳ ಹಿಂದೆ ನೂಲು ಕೊಂಡವರು ಒಂದು ಲಡಿಯನ್ನು, ಅಂದರೆ ಸುತ್ತಿದ ನೂಲಿನ ಕಟ್ಟನ್ನು, ಹಿಂದಕ್ಕೆ ಕಳಿಸಿದರು. ನೂಲಿನ ಜೊತೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ನೂಲು ಬಿಚ್ಚುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಶೆಡ್ಡಿನ ಮಾಲೀಕ ಓವೈಸ್ ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಮೂರನೇ ಬೇಸಿನ್ನಿನ ನೂರ್ಜಹಾನಳಿಗೆ ಸೊಂಟ ಮುಟ್ಟುವ ಜಡೆ. ಸೆಕೆಗೆ ಆಕೆಯ ದುಪಟ್ಟಾ ಹೆಗಲಿಗೆ ಜಾರಿರುತ್ತಿತ್ತು. ಇಷ್ಟುದ್ದದ ಕೂದಲು ಇನ್ಯಾರದು ಎಂದು ಓವೈಸ್ ಅಲ್ಲೇ ತೀರ್ಮಾನ ಮಾಡಿದರು. ಸಾಲದ್ದಕ್ಕೆ, ಮಾರಕ್ಕನನ್ನು ನೋಡಿ ಕಲಿ, ಒಂದು ದಿನವಾದರೂ ಬರಿದಲೆಯಲ್ಲಿ ಕೂತಿದ್ದಾರಾ ಎಂದು ಎಲ್ಲರೆದುರು ಹೇಳಿದರು.

ಮಾರಕ್ಕ ಆ ಕೂದಲನ್ನು ಹತ್ತಿರದಿಂದ ನೋಡಿದ್ದರು. ಬುಡದಲ್ಲಿ ಒಂದಂಗುಲ ಬೆಳ್ಳಗಿತ್ತು, ತಮ್ಮದರ ಹಾಗೆಯೇ. ನೂರ್ಜಹಾನಳಿಗೆ ಇನ್ನೂ ಮೂವತ್ತು ತುಂಬಿಲ್ಲ.

ನೂರ್ಜಹಾನಳ ಬೇಸಿನ್ ಬಿಡಿಸಿ ಗೂಡು ಆರಿಸುವ ಮೂಲೆಗೆ ಕೂರಿಸಿದರು. ಹತ್ತು ವರ್ಷ ಎಳೆ ಹಿಡಿದ ಕೈಗೆ ಕೊಳೆತ ಗೂಡು ಹೆಕ್ಕುವ ಕೆಲಸ. ಮೂರನೇ ದಿನ ಆಕೆ ಜಡೆಯನ್ನು ಕತ್ತಿನವರೆಗೆ ಕತ್ತರಿಸಿಕೊಂಡು ಬಂದಳು, ಇನ್ನಾದರೂ ಬೇಸಿನ್ ಕೊಡಿ ಎಂದಳು. ಓವೈಸ್ ಇನ್ನೂ ಸ್ವಲ್ಪ ದಿನ ನೋಡೋಣ ಎಂದರು. ಮಾರಕ್ಕ ಪಕ್ಕದಲ್ಲೇ ಇದ್ದರು, ಬಾಯಿ ಬಿಡಲಿಲ್ಲ.

"ಆ ಮೋಟು ಕೂದ್ಲು ದಿನಾ ನನ್ ಕಣ್ ಮುಂದೆ ಓಡಾಡ್ತದೆ ಸಾ. ತಲೆ ಕಡ್ತ ತಡ್ಕಬೋದು. ಇದ ತಡ್ಕಳಕಾಗಕಿಲ್ಲ. ಪೇಪರ್ನಾಗೆ ಬರೀರಿ, ಅದು ನನ್ ಕೂದ್ಲು ಅಂತ."

ಪೇಪರಿನಲ್ಲಿ ಓದಿ ಆಕೆಗೆ ತಿಳಿಯುವುದು ಸರಿಯಲ್ಲ, ಮೊದಲು ನೀವೇ ಹೇಳಬೇಕು ಎನ್ನುತ್ತೇನೆ. ಹೇಳಿದರೆ ತನ್ನ ಬೇಸಿನ್ ಹೋಗುತ್ತದೆ, ಈ ವಯಸ್ಸಿನಲ್ಲಿ ತನಗೆ ಬರುವುದು ಇದೊಂದೇ ಕೆಲಸ ಎಂದು ಮಾರಕ್ಕ ತಲೆ ತಗ್ಗಿಸುತ್ತಾರೆ. ಹೇಳು ಎನ್ನುವುದು ನನಗೆ ಸುಲಭ, ಹೋಗುವುದು ನನ್ನ ಕೆಲಸವಲ್ಲ. ಬರಹವನ್ನು ಎತ್ತಿಡುತ್ತೇನೆ.

ಮೂರು ವಾರದ ಮೇಲೆ ಫೋನ್ ಬರುತ್ತದೆ. ಬನ್ನಿ ಸಾ ಎನ್ನುತ್ತಾರೆ ಮಾರಕ್ಕ, ಅಷ್ಟೇ.

ಅದೇ ಶೆಡ್ಡು, ಅದೇ ಹೊತ್ತು. ಮೂರನೇ ಬೇಸಿನ್ನಿನಲ್ಲಿ ನೂರ್ಜಹಾನ್ ಕೂತಿದ್ದಾಳೆ. ಮಾರಕ್ಕ ಮೂಲೆಯಲ್ಲಿ ಗೂಡು ಆರಿಸುತ್ತಿದ್ದಾರೆ. ನಡೆದದ್ದು ಇಷ್ಟು: ಒಂದು ಸೋಮವಾರ, ಕೆಲಸ ಶುರುವಾಗುವ ಮುಂಚೆ, ಮಾರಕ್ಕ ಎಲ್ಲರೆದುರು ತಲೆಬಟ್ಟೆ ಬಿಚ್ಚಿ ನಿಂತರು. ಅದು ನನ್ನ ಕೂದಲು, ಅವತ್ತೇ ಗೊತ್ತಿತ್ತು ಎಂದರು. ಓವೈಸ್ ನೂರ್ಜಹಾನಳ ಕ್ಷಮೆ ಕೇಳಿದರು. ಕೂದಲು ಉದುರುವುದು ನಿಲ್ಲುವವರೆಗೆ ಮೂಲೆಯಲ್ಲಿ ಕೂರುತ್ತೇನೆ ಎಂದು ಮಾರಕ್ಕ ತಾವೇ ಕೇಳಿಕೊಂಡರು.

ಅವತ್ತೇ ಮಧ್ಯಾಹ್ನ ಡಾಕ್ಟರರ ಹತ್ತಿರ ಹೋಗಿ ಬೇಸಿನ್ ನೀರಿನ ಕಥೆಯನ್ನೂ ಬಿಡದೆ ಹೇಳಿದ್ದಾರೆ. ಡಾಕ್ಟರರು ಬೈದರು, ಆಮೇಲೆ ನಕ್ಕರು. ಗುಳ್ಳೆ ಮಾಯುವವರೆಗೆ ಔಷಧ ನಿಲ್ಲಿಸಿ, ಆಮೇಲೆ ಅದನ್ನೇ ನೊರೆಯ ರೂಪದಲ್ಲಿ ಕೊಟ್ಟರು, ಅದರಲ್ಲಿ ಉರಿ ಕಡಿಮೆಯಂತೆ. ಈಗ ಕೆಲಸ ಮುಗಿಸಿ ಮನೆಗೆ ಹೋದ ಮೇಲೆಯೇ ಹಚ್ಚುತ್ತಾರೆ, ಪೂರ್ತಿ ಒಣಗಲು ಬಿಡುತ್ತಾರೆ. ವಾರಕ್ಕೆರಡು ಸಲ ಹೊಟ್ಟಿನ ಶಾಂಪೂ ಹಾಕಿ ಐದು ನಿಮಿಷ ಬಿಟ್ಟು ತಣ್ಣೀರಿನಲ್ಲಿ ತೊಳೆಯುತ್ತಾರೆ. ಕಡಿದರೆ ಉಗುರು ತಾಗಿಸದೆ ಬೆರಳ ತುದಿಯಿಂದ ತಟ್ಟುತ್ತಾರೆ. ತಲೆಗೆ ದಿನವೂ ಒಗೆದ ತೆಳು ಹತ್ತಿಬಟ್ಟೆ, ಸಡಿಲವಾಗಿ. ಕೆರೆತ ಮುಕ್ಕಾಲು ಪಾಲು ಇಳಿದಿದೆ. ಕೂದಲು ಬಂದಿಲ್ಲ, ಅದಕ್ಕೆ ಇನ್ನೂ ತಿಂಗಳುಗಳು ಬೇಕು.

ನೂರ್ಜಹಾನ್ ಒಂಬತ್ತು ದಿನ ಮಾತಾಡಲಿಲ್ಲವಂತೆ. ಹತ್ತನೇ ದಿನ ಮೂಲೆಯ ಪಕ್ಕ ಹಾದುಹೋಗುತ್ತಾ, ಮುಖ ನೋಡದೆ, "ಅಕ್ಕ, ಒದ್ದೆ ತಲೆಗೆ ಬಟ್ಟೆ ಕಟ್ಬೇಡ" ಎಂದಳಂತೆ. ಅದಾದ ಮೇಲೆ ಇನ್ನೂ ಏನೂ ಮಾತಿಲ್ಲ.

ಹೊರಡುವಾಗ ನಾನು ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ. ಮಾರಕ್ಕ ಅದನ್ನು ಗಮನಿಸಿ, ತಾವೇ ಬಟ್ಟೆ ಬಿಚ್ಚಿ ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೂದಲು ತೆಳುವಾದ ನೆತ್ತಿಯ ಮೇಲೆ ಕಿಟಕಿಯ ಬೆಳಕು ಬೀಳುತ್ತದೆ. ಈಗ ತೆಗೀರಿ ಎನ್ನುತ್ತಾರೆ. ತೆಗೆಯುತ್ತೇನೆ. ಮತ್ತೆ ಬೇಸಿನ್ನಿಗೆ ಹೋಗುವ ಆಸೆ ಇಲ್ಲವೇ ಎಂದು ಕೇಳುತ್ತೇನೆ. ಅವರು ಮೂರನೇ ಬೇಸಿನ್ನಿನತ್ತ, ಕತ್ತಿನ ಮೇಲೆ ಗಂಟು ಹಾಕಲೂ ಸಾಲದ ಆ ಕೂದಲಿನತ್ತ ನೋಡಿ, ಕೊಳೆತ ಗೂಡೊಂದನ್ನು ಹೆಕ್ಕಿ ಪಕ್ಕಕ್ಕೆ ಹಾಕುತ್ತಾರೆ.

"ನಂದು ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ ಸಾ. ಆ ಮಗೀಂದು ಮೊದ್ಲಿನಂಗೆ ಸೊಂಟ ಮುಟ್ಲಿ. ಅಲ್ಲೀಗಂಟ ನಾನು ಇಲ್ಲೇ ಕೂತಿರ್ತೀನಿ."